ಆಯ, ಬಿಟ್ಟಿ ಮತ್ತು ನಮ್ಮ ಅಡ್ಡಹೆಸರು

ಕಳೆದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಚರ್ಚೆ ಶುರುವಾಯ್ತು. ನಮ್ಮ ಟೀಮಿನ ಹುಡುಗನೊಬ್ಬ ಏಜ್ ಆಫ್ ಎಂಪೈರ್ಸ್ ಆಡಿ ಆಡಿ ಯುರೋಪಿನ ನೈಟುಗಳು, ಕೋಟೆಗಳು ಅಂತ ಸಿಕ್ಕಾಪಟ್ಟೆ ಓದಿಕೊಂಡಿದ್ದಾನೆ. "ನಿಮ್ಮ ಹಾವೇರಿ ಕಡೆ ಈ ಫ್ಯೂಡಲಿಸಂ ಎಲ್ಲಾ ಇತ್ತಾ ಮಾರಾಯಾ?" ಅಂತ ಕೇಳಿದ. ನಾನು ಕೊರಳಲ್ಲಿದ್ದ ಐಡಿ ಕಾರ್ಡ್ ತೋರಿಸಿದೆ. ಅದರಲ್ಲಿ ನನ್ನ ಹೆಸರಿನ ಪಕ್ಕ 'ಬಡಿಗೇರ' ಅಂತ ಇದೆ. ಅವನಿಗೆ ಅರ್ಥ ಆಗಲಿಲ್ಲ. ಅಷ್ಟರಲ್ಲಿ ಮೀಟಿಂಗಿಗೆ ಹೊತ್ತಾಯ್ತು. ಅವತ್ತು ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಮೊದಲು ಯುರೋಪಿನ ಕತೆ. ಅಲ್ಲಿಯ ಪಾದ್ರಿಗಳು ಸಮಾಜವನ್ನು ಮೂರು ಪಾಲು ಮಾಡಿದ್ದರು: ಪ್ರಾರ್ಥನೆ ಮಾಡುವವರು, ಯುದ್ಧ ಮಾಡುವವರು, ದುಡಿಯುವವರು. ರಾಜ ತನ್ನ ಸರದಾರರಿಗೆ ಭೂಮಿ ಕೊಡುತ್ತಿದ್ದ. ಸರದಾರ ತನ್ನ ಎರಡೂ ಕೈಗಳನ್ನು ಜೋಡಿಸಿ ಒಡೆಯನ ಕೈಯೊಳಗಿಟ್ಟು ನಿಷ್ಠೆಯ ಪ್ರಮಾಣ ಮಾಡುತ್ತಿದ್ದ. ಎಲ್ಲರಿಗಿಂತ ಕೆಳಗೆ ಇದ್ದವನು ಸರ್ಫ್, ಅಂದರೆ ಭೂಮಿಗೆ ಕಟ್ಟಿಹಾಕಿದ ರೈತ. ವಾರದಲ್ಲಿ ಎರಡು ಮೂರು ದಿನ ಒಡೆಯನ ಹೊಲದಲ್ಲಿ ಅವನು ಪುಕ್ಕಟೆ ದುಡಿಯಬೇಕು. ಊರು ಬಿಡೋದಕ್ಕೆ, ಮಗಳ ಮದುವೆ ಮಾಡೋದಕ್ಕೂ ಒಡೆಯನ ಅಪ್ಪಣೆ ಬೇಕು. ಎಷ್ಟೋ ಕಡೆ ಹಿಟ್ಟನ್ನೂ ಒಡೆಯನ ಗಿರಣಿಯಲ್ಲೇ ಬೀಸಿಸಬೇಕು, ಅದಕ್ಕೆ ಕಾಸು ಬೇರೆ!

ಈಗ ನಮ್ಮ ಕಡೆ ಬರೋಣ. ಹಾವೇರಿ ತಾಲ್ಲೂಕಿನ ಗುತ್ತಲ ಗೊತ್ತಲ್ಲ? ಅದರ ಹಳೆಯ ಹೆಸರು ಗುತ್ತವೊಳಲು. 12-13ನೇ ಶತಮಾನದಲ್ಲಿ ಅಲ್ಲಿ ಗುತ್ತರು ಅನ್ನೋ ಮಾಂಡಲಿಕರು ಆಳಿದರು. ತಾವು ಉಜ್ಜಯಿನಿಯ ಗುಪ್ತರ ವಂಶದವರು ಅಂತ ಶಾಸನಗಳಲ್ಲಿ ಹೇಳಿಕೊಂಡರು. ಕಲ್ಯಾಣದ ಚಾಲುಕ್ಯರಿಗೆ, ಆಮೇಲೆ ಸೇವುಣರಿಗೆ ತಲೆಬಾಗಿದರು. ರಾಣೇಬೆನ್ನೂರು ತಾಲ್ಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆ ಮೇಲೆ, ಅವರ ಕಾಲದ ಮುಕ್ತೇಶ್ವರ ಗುಡಿ ಈಗಲೂ ಇದೆ. ಆ ಕಡೆ ಹೋದರೆ ತಪ್ಪದೇ ನೋಡಿ. ಅತ್ತ ಹಾನಗಲ್ಲಿನಲ್ಲಿ ಕದಂಬರ ಒಂದು ಶಾಖೆ ಆಳುತ್ತಿತ್ತು. ಚಕ್ರವರ್ತಿಯ ಕೆಳಗೆ ಮಹಾಮಂಡಳೇಶ್ವರ, ಅವನ ಕೆಳಗೆ ನಾಡಿನ ಗಾವುಂಡ, ಅವನ ಕೆಳಗೆ ಊರ ಗಾವುಂಡ, ಲೆಕ್ಕ ಬರೆಯೋಕೆ ಸೇನಬೋವ. ಈ ಗಾವುಂಡನೇ ಇವತ್ತಿನ ಗೌಡ, ಸೇನಬೋವನೇ ಶಾನಭೋಗ.

ನಿಷ್ಠೆಯ ಪ್ರಮಾಣವೂ ನಮ್ಮಲ್ಲಿತ್ತು. ಅದಕ್ಕೆ ಜೋಳವಾಳಿ ಅಂತಿದ್ದರು. ಒಡೆಯ ಹಾಕಿದ ಜೋಳದ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸೋದು. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅನ್ನೋದು ವೇಳೆವಾಳಿ. ಊರಿನ ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ ಭೂಮಿ ಕೊಟ್ಟರೆ ಅದು ನೆತ್ತರುಗೊಡಗೆ. ನಮ್ಮೂರ ಹನುಮಪ್ಪನ ಗುಡಿ ಮುಂದೆ ಅಂಥ ಎರಡು ಕಲ್ಲುಗಳಿವೆ. ಚಿಕ್ಕವರಿದ್ದಾಗ ಅವುಗಳನ್ನೇ ಸ್ಟಂಪು ಮಾಡಿಕೊಂಡು ಕ್ರಿಕೆಟ್ ಆಡಿದ್ದೇವೆ, ಪಾಪ.

ಪುಕ್ಕಟೆ ದುಡಿತ ಇತ್ತಾ? ಇತ್ತು. ಶಾಸನಗಳಲ್ಲಿ ಅದರ ಹೆಸರು 'ಬಿಟ್ಟಿ', ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೂಲಿ ಇಲ್ಲದೇ ಒಡೆಯನಿಗೆ ಮಾಡಲೇಬೇಕಾದ ಕೆಲಸ. ಈಗ ನಾವು "ಎರಡು ಶರ್ಟು ತಗೊಂಡ್ರೆ ಒಂದು ಬಿಟ್ಟಿ" ಅಂತ ಖುಷಿಯಿಂದ ಹೇಳ್ತೀವಿ. ಆ ಶಬ್ದದಲ್ಲಿ ದುಡಿಸಿಕೊಂಡವನ ಲಾಭ ಮಾತ್ರ ಉಳಿಯಿತು, ದುಡಿದವನು ಮರೆತುಹೋದ.

ಊಟದಲ್ಲೂ ಮೇಲು ಕೀಳು. ಯುರೋಪಿನ ಒಡೆಯನಿಗೆ ಗೋಧಿಯ ಬಿಳಿ ಬ್ರೆಡ್ಡು, ರೈತನಿಗೆ ರೈ, ಬಾರ್ಲಿಯ ಕಪ್ಪು ಬ್ರೆಡ್ಡು. ನಮ್ಮಲ್ಲಿ ಉಳ್ಳವರಿಗೆ ಅಕ್ಕಿ, ಉಳಿದವರಿಗೆ ಜೋಳ, ರಾಗಿ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕನಕದಾಸರು 16ನೇ ಶತಮಾನದಲ್ಲಿ ರಾಮಧಾನ್ಯ ಚರಿತೆ ಬರೆದದ್ದು ಇದರ ಮೇಲೇ. ಅಕ್ಕಿ, ರಾಗಿ ಎರಡೂ ಜಗಳಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೊನೆಗೆ ಗೆಲ್ಲೋದು ಕೆಡದೇ ಉಳಿದ ರಾಗಿ. ಅಂದಹಾಗೆ, ಗುತ್ತರ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇರಲಿಲ್ಲ! ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಆಮೇಲೆ ಬಂದದ್ದು.

ಹಾಗಾದರೆ ಎರಡೂ ಒಂದೇನಾ? ಇದರ ಬಗ್ಗೆ ಇತಿಹಾಸಕಾರರೇ ಜಗಳಾಡಿದ್ದಾರೆ. ರಾಮಶರಣ ಶರ್ಮ ಅವರು 1965ರ ತಮ್ಮ ಪುಸ್ತಕದಲ್ಲಿ ಭಾರತದಲ್ಲೂ ಫ್ಯೂಡಲಿಸಂ ಇತ್ತು ಅಂದರು. ಹರಬನ್ಸ್ ಮುಖಿಯಾ ಅವರು 1979ರಲ್ಲಿ ಅದನ್ನು ಪ್ರಶ್ನಿಸಿದರು. ನಮ್ಮ ರೈತ ಸರ್ಫ್ ಅಲ್ಲ, ತನ್ನ ಬೇಸಾಯ ತಾನೇ ಮಾಡುತ್ತಿದ್ದ ಅನ್ನೋದು ಅವರ ವಾದ. ನನಗೆ ಅನಿಸೋದು ಇಷ್ಟು: ಅಲ್ಲಿ ಮನುಷ್ಯನನ್ನು ಭೂಮಿಗೆ ಕಟ್ಟಿದರು, ಇಲ್ಲಿ ಕೆಲಸಕ್ಕೆ ಕಟ್ಟಿದರು. ಆ ಹಗ್ಗದ ಹೆಸರು 'ಆಯ'.

ಊರಿಗೆ ಬೇಕಾದ ಕೆಲಸದವರೇ ಆಯಗಾರರು. ಗೌಡ, ಕುಲಕರ್ಣಿ, ತಳವಾರ, ಬಡಿಗೇರ, ಕಮ್ಮಾರ, ಕುಂಬಾರ, ಮಡಿವಾಳ, ಹಡಪದ, ಮಾದರ... ಹೀಗೆ ಹನ್ನೆರಡು ಅಂತ ಲೆಕ್ಕ. ವರ್ಷಪೂರ್ತಿ ದುಡಿಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತಗೋಬೇಕು. ಅಪ್ಪನ ಕೆಲಸ ಮಗನಿಗೆ. ನಮ್ಮಜ್ಜ ಈ ವ್ಯವಸ್ಥೆಯ ಕೊನೆಯ ತಲೆಮಾರು. ಊರಿನ ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಎಲ್ಲಾ ಅವನ ಕೈಯಲ್ಲೇ ಆಗಬೇಕಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮಪ್ಪ "ನಾ ಯಾರ ಕಣಕ್ಕೂ ಹೋಗಂಗಿಲ್ಲ" ಅಂತ ಹಟ ಹಿಡಿದು ರಾಣೇಬೆನ್ನೂರಿನ ಒಂದು ಫರ್ನಿಚರ್ ಅಂಗಡಿಗೆ ಸೇರಿದ. ಅಪ್ಪ-ಮಗ ಎರಡು ವರ್ಷ ಮಾತಾಡಲಿಲ್ಲವಂತೆ.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜನನ್ನು ಕೇಳಿದೆ, "ಅಜ್ಜಾ, ಆಯ ಇಸ್ಗೊಳ್ಳಾಕ ನಿನಗ ಬ್ಯಾಸರ ಆಗ್ತಿರಲಿಲ್ಲೇನು?"

"ಯಾಕೋ ತಮ್ಮಾ? ಅದು ಭಿಕ್ಷೆ ಅಲ್ಲ, ನಮ್ಮ ಹಕ್ಕು. 72ರ ಬರದಾಗೂ ನಮ್ಮ ಮನಿಗೆ ಒಂದೀಟು ಕಾಳು ಬಂದಾವು. ನಿಮ್ಮಪ್ಪನ ಅಂಗಡಿಯವ ಕೊಡ್ತಾನೇನು ಬರದಾಗ?"

"ಹಂಗಾರ ಮೊದಲ ಯಾರಿಗೆ ಅಳೀತಿದ್ರು?"

"ಗೌಡ್ರು, ಕುಲಕರ್ಣ್ಯಾರು. ಆಮ್ಯಾಲೆ ನಾವು."

"ಮಾದರ ಮನಿಯವರಿಗೆ?"

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವರು ಕಣದ ಹೊರಗ ನಿಂದರತಿದ್ರು. ಎಲ್ಲಾರದು ಆದ ಮ್ಯಾಲೆ ಅವರ ಸೆರಗಿಗೆ ಮ್ಯಾಲಿಂದ ಸುರೀತಿದ್ರು."

ಅಲ್ಲಿಯ ತನಕ ನಮ್ಮ ಮನೆತನದ್ದೇ ಅನ್ಯಾಯದ ಕತೆ ಅಂತ ನಾನು ತಿಳಿದಿದ್ದೆ. ನಮ್ಮ ಹಕ್ಕು ಅಳೆಯುವಾಗಲೇ ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು ಅನ್ನೋದು ಯೋಚನೆಗೇ ಬಂದಿರಲಿಲ್ಲ.

ಯುರೋಪಿನಲ್ಲಿ ಈ ವ್ಯವಸ್ಥೆ ಬೇರೆ ಬೇರೆ ರೀತಿಯಲ್ಲಿ ಸಡಿಲಾಯಿತು. 1347-51ರ ಪ್ಲೇಗಿನಲ್ಲಿ ಜನಸಂಖ್ಯೆಯ ಮೂರನೇ ಒಂದು ಪಾಲಾದರೂ ಸತ್ತಿತು. ದುಡಿಯುವ ಕೈಗಳಿಗೆ ಬೆಲೆ ಬಂತು. ಇಂಗ್ಲೆಂಡಿನಲ್ಲಿ 1381ರಲ್ಲಿ ರೈತರು ದಂಗೆ ಎದ್ದರು. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಒಡೆಯರ ಹಕ್ಕುಗಳನ್ನು ರದ್ದು ಮಾಡುವ ಘೋಷಣೆಯಾಯಿತು. ರಷ್ಯಾದ ಸರ್ಫ್‌ಗಳಿಗೆ 1861ರ ತನಕ ಕಾಯಬೇಕಾಯ್ತು. ನಮ್ಮಲ್ಲಿ ಮುಗಿಸಿದ್ದು ಕಾನೂನು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆಯಲ್ಲಿ ಉಳುವವನು ಏಳನೇ ನಮೂನೆ ತುಂಬಿ ಹೊಲದೊಡೆಯನಾದ. ಆದರೆ ಅರ್ಜಿ ಹಾಕೋಕೆ ಗೇಣಿ ಹೊಲವಾದರೂ ಇರಬೇಕಲ್ಲ? ಉಳಿ-ಬಾಚಿ ಮಾತ್ರ ಇದ್ದ ನಮ್ಮಜ್ಜನಿಗೆ ಅದರಲ್ಲಿ ಏನೂ ಬರಲಿಲ್ಲ. ಕಣದ ಹೊರಗೆ ನಿಂತವರಿಗೂ ಬರಲಿಲ್ಲ.

ಕೊನೆಗೆ ಅಡ್ಡಹೆಸರಿನ ವಿಷಯ. ಇಂಗ್ಲೆಂಡಿನಲ್ಲೂ ಸ್ಮಿತ್ ಅಂದರೆ ಕಮ್ಮಾರ, ಕಾರ್ಪೆಂಟರ್ ಅಂದರೆ ಬಡಿಗೇರ. ಆದರೆ ಈಗ ಲಂಡನ್ನಿನಲ್ಲಿ ಸ್ಮಿತ್ ಅಂದರೆ ಯಾರೂ ಅವನ ಮುತ್ತಜ್ಜನ ಕುಲುಮೆ ಎಲ್ಲಿತ್ತು ಅಂತ ಕೇಳೋದಿಲ್ಲ. ಹಾವೇರಿಯಲ್ಲಿ ಪಾಟೀಲ, ದೇಸಾಯಿ, ತಳವಾರ, ಮಾದರ ಅಂದ ಕೂಡಲೇ ಕೇಳಿದವನ ತಲೆಯಲ್ಲಿ ಕಣದ ಸಾಲು ನಿಂತುಬಿಡುತ್ತೆ, ಯಾರು ಮುಂದೆ, ಯಾರು ಹಿಂದೆ, ಯಾರು ಹೊರಗೆ ಅಂತ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮಾಲೀಕರೊಬ್ಬರು ನನ್ನ ಸಂಬಳ ಕೇಳೋ ಮೊದಲು ಕೇಳಿದ್ದು, "ಬಡಿಗೇರ ಅಂದ್ರೆ ನೀವು ಯಾವ ಜನ?" ಅಂತ. ನಾನು ಹೇಳಿದೆ, ಮನೆ ಸಿಕ್ಕಿತು. ಆ ಮನೆ ಎಲ್ಲರಿಗೂ ಸಿಗುತ್ತಿತ್ತಾ ಅನ್ನೋದನ್ನು ಅವತ್ತು ಯೋಚಿಸಲಿಲ್ಲ. ಅಜ್ಜನ ಮಾತು ಕೇಳಿದ ಮೇಲೆ ಯೋಚಿಸುತ್ತಿದ್ದೇನೆ.

ನಾಳೆ ಊಟಕ್ಕೆ ಕೂತಾಗ ಆ ಹುಡುಗನಿಗೆ ಇಷ್ಟನ್ನೂ ಹೇಳಬೇಕು. ನಿಮ್ಮ ಅಡ್ಡಹೆಸರು ಯಾವ ಕಣದಿಂದ ಬಂತು? ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೇಳಿ ನೋಡಿ. ಕೇಳುವಾಗ, ನಿಮ್ಮವರ ಹಿಂದೆ ಯಾರು ನಿಂತಿದ್ದರು ಅನ್ನೋದನ್ನೂ ಕೇಳಿ.