ಹೆಳವರ ಪುಸ್ತಕದಲ್ಲಿ ಇಲ್ಲದ್ದು

ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಹದಡಿಯ ಸೀಮೆಗೆ ಹೆಳವರು ಬರುತ್ತಿದ್ದುದು ಹಿರಿಯರಿಗೆಲ್ಲ ನೆನಪಿದ್ದೀತು. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಹಿಂದಿನ ಸಲ ಬರೆಸಿದ್ದ ಕೂಸಿನವರೆಗೆ ಹೆಸರುಗಳನ್ನು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ ಪಡೆದು ಮುಂದಿನ ಊರಿಗೆ ಹೊರಡುತ್ತಿದ್ದರು. ಈ ವೃತ್ತಿಯನ್ನು ಇಂದಿಗೂ ಬಿಡದ ಕುಟುಂಬಗಳುಂಟು.

ಇತಿಹಾಸ ಬೋಧಿಸಿದ ನನಗೆ ಇವರ ಬಗ್ಗೆ ಅಪಾರ ಗೌರವ. ಹರಿಹರದ ಹರಿಹರೇಶ್ವರ ದೇಗುಲವನ್ನು 1224ರಲ್ಲಿ ಕಟ್ಟಿಸಿದ ಹೊಯ್ಸಳ ದಂಡನಾಯಕ ಪೋಲಾಳ್ವನ ಹೆಸರು ಶಾಸನದಲ್ಲಿ ಉಳಿದಿದೆ. ರೈತನಿಗೆ ಶಾಸನ ಬರೆಸುವವರು ಯಾರು? ಅವನ ಹೆಸರನ್ನು ಉಳಿಸಿಕೊಟ್ಟವನು ಹೆಳವ.

ಆದರೆ ನಮ್ಮ ಮನೆಯ ವಂಶಾವಳಿಯಲ್ಲಿ ಇರುವುದು ಬರಿಯ ಹೆಸರುಗಳು. ಅದರಲ್ಲಿಯೂ ಗಂಡಸರ ಸಾಲು. ನನ್ನ ಅಜ್ಜಿ ಅಲ್ಲಿ ಇಲ್ಲ. ಆಕೆಯ ತವರು ಹೊಳೆಯಾಚೆ, ರಾಣೇಬೆನ್ನೂರಿನ ಕಡೆ. 1956ರ ನವೆಂಬರ್ 1ರವರೆಗೆ ತುಂಗಭದ್ರೆಯ ಈಚೆ ದಡದ ಹರಿಹರ ಮೈಸೂರು ರಾಜ್ಯ, ಆಚೆ ದಡ ಮುಂಬಯಿ ರಾಜ್ಯ. "ನನ್ನನ್ನು ಮೈಸೂರು ಸೀಮೆಗೆ ಕೊಟ್ಟರು" ಎಂದು ಆಕೆ ಕೊನೆಯವರೆಗೂ ಹೇಳುತ್ತಿದ್ದಳು. ಏಕೀಕರಣದ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ; ಈ ಒಂದು ಮಾತಿನಷ್ಟು ಅರ್ಥ ಪಠ್ಯಪುಸ್ತಕದಲ್ಲಿ ನನಗೆ ಕಂಡಿಲ್ಲ.

ಹಾಗೆಯೇ ನೀರಿನ ಸಂಗತಿ. ಲಕ್ಕವಳ್ಳಿಯ ಬಳಿ ಕಟ್ಟಿದ ಭದ್ರಾ ಅಣೆಕಟ್ಟೆಯ ನಾಲೆ ಬರುವ ಮೊದಲು ಇಲ್ಲಿಯದು ಜೋಳ, ಹತ್ತಿಯ ಬೇಸಾಯ. ಬಳಿಕ ಭತ್ತ ಬಂತು, ಅಡಿಕೆಯೂ ಬಂತು. ಹಬ್ಬಕ್ಕೆ ಮಾತ್ರ ಅನ್ನ ಬೇಯುತ್ತಿದ್ದ ಒಲೆಯ ಮೇಲೆ ದಿನವೂ ಅನ್ನ ಬೆಂದಾಗ ಮನೆಯ ಹೆಂಗಸರಿಗೆ ಏನನ್ನಿಸಿತು? ರೊಟ್ಟಿ ಬಡಿಯುವ ಕೆಲಸ ಕಡಿಮೆಯಾಯಿತೋ, ಗದ್ದೆಯ ಕೆಲಸ ಹೆಚ್ಚಾಯಿತೋ? ಇದನ್ನು ಹೇಳಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಅವರೊಡನೆ ಇದೂ ಹೋಗುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಹೇಳುವುದಿಷ್ಟು: ಮನೆಯ ಹಿರಿಯರ ಬದುಕನ್ನು ಬರೆದಿಡಿ. ಅವರಿಗೆ ಇಸವಿ ನೆನಪಿರದಿದ್ದರೆ ಚಿಂತೆಯಿಲ್ಲ. ನಾಲೆಗೆ ನೀರು ಬಿಟ್ಟ ವರ್ಷವೇ, 1974ರ ಭೂಸುಧಾರಣೆಯ ಮುಂಚೆಯೇ, 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆಯೇ ಎಂದು ಕೇಳಿದರೆ ಕಾಲ ತಾನಾಗಿ ಹೊರಬರುತ್ತದೆ. ಹಿಸ್ಸೆಯ ಜಗಳ, ತೀರದ ಸಾಲ, ಮುರಿದ ನೆಂಟಸ್ತಿಕೆಗಳನ್ನೂ ಬಿಡಬೇಡಿ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಬೇರೆ ಬೇರೆಯಾಗಿ ಬರೆದರೆ ಸಾಕು. ಎಲ್ಲಿಂದ ಆರಂಭಿಸಲಿ ಎಂದು ಕೆಲವರು ಕೇಳಿದ್ದೀರಿ. ನಿಮ್ಮ ಅಜ್ಜಿಯ ತವರೂರು ಯಾವುದು, ಅಲ್ಲಿಂದ ಆಕೆ ಮೊದಲ ಸಲ ಹೇಗೆ ಬಂದಳು, ಗಾಡಿಯಲ್ಲೋ ರೈಲಿನಲ್ಲೋ, ಅದನ್ನು ಮೊದಲು ಕೇಳಿ.