ನೆಲ, ಬಿಡುವು, ಸಂಬಳ: ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಕ್ರೀಡೆ ಮತ್ತು ಸಮಾಜ

ಕ್ರೀಡೆಯನ್ನು ಕುರಿತ ಚರ್ಚೆ ಹೆಚ್ಚಾಗಿ ಆಟಗಾರರ ಪ್ರತಿಭೆ, ಪರಿಶ್ರಮಗಳ ಸುತ್ತಲೇ ನಡೆಯುತ್ತದೆ. ಆಡಲು ನೆಲ, ಬಿಡುವು, ಹೊಟ್ಟೆಪಾಡಿನ ಭದ್ರತೆ ಯಾರ ಕೈಯಲ್ಲಿವೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್‌ನಲ್ಲಿ ದೀರ್ಘಕಾಲ ಈ ಮೂರನ್ನೂ ನಿರ್ಧರಿಸಿದ್ದು ಗಣಿ. ಆದ್ದರಿಂದ ಅಲ್ಲಿನ ಆಟದ ಚರಿತ್ರೆಯನ್ನು ದುಡಿಮೆಯ ಚರಿತ್ರೆಯಿಂದ ಬೇರ್ಪಡಿಸಲಾಗದು ಎಂಬುದು ಈ ಲೇಖನದ ವಾದ.

ನೆಲದ ಹಂಚಿಕೆ

1880ರಲ್ಲಿ ಬ್ರಿಟಿಷ್ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಇಲ್ಲಿ ಎರಡು ಊರುಗಳು ಬೆಳೆದವು. ಬ್ರಿಟಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ, ಬಹುಪಾಲು ದಲಿತರಾಗಿದ್ದ ಕಾರ್ಮಿಕರಿಗೆ ಒತ್ತೊತ್ತಾದ ಸಾಲುಮನೆಗಳ ‘ಲೈನು’ಗಳು. ಲೈನಿನ ಮಕ್ಕಳಿಗೆ ಸಿಕ್ಕಿದ್ದು ಮನೆಗಳ ನಡುವಿನ ಓಣಿ, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳ ಆಸುಪಾಸಿನ ಬಯಲು. ಗಾಳಿ ಬೀಸಿದರೆ ದಿಬ್ಬದ ನುಣ್ಣನೆಯ ಧೂಳು ಆಡುವವರ ಕಣ್ಣು, ಮೂಗಿಗೇ ನುಗ್ಗುತ್ತಿತ್ತು.

ಮೈದಾನದ ಈ ತಾರತಮ್ಯ ಗಣಿಯೂರಿನ ವಿಶೇಷವೇನಲ್ಲ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟಿಗ ಪಾಲ್ವಂಕರ್ ಬಾಳೂ ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಿನ ಮೈದಾನದ ಕೆಲಸಗಾರರಾಗಿದ್ದೇ ಬೌಲಿಂಗ್ ಕರಗತ ಮಾಡಿಕೊಂಡರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಈ ದಲಿತ ಆಟಗಾರನಿಗೆ ಪುಣೆಯಲ್ಲಿ ಸಹ ಆಟಗಾರರು ಚಹಾ ಕೊಡುತ್ತಿದ್ದುದು ಹೊರಗಡೆ, ಪ್ರತ್ಯೇಕ ಮಣ್ಣಿನ ಲೋಟದಲ್ಲಿ. ಮೈದಾನದೊಳಗೆ ಬಿಟ್ಟುಕೊಂಡ ಮಾತ್ರಕ್ಕೆ ಸಮಾನತೆ ಬರುವುದಿಲ್ಲ.

ಬಿಡುವು ಮತ್ತು ಸಂಬಳ

ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಬಂಡೆಯ ಕಾವಿನಲ್ಲಿ ಪಾಳಿ ಮುಗಿಸಿ ಮೇಲೆ ಬಂದವರ ದೇಹದಲ್ಲಿ ಎಷ್ಟು ಕಸುವು ಉಳಿದಿರುತ್ತಿತ್ತು ಎಂಬುದೇ ಅವರ ಬಿಡುವಿನ ಅಳತೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಹಿಡಿದವರಿಗಂತೂ ಉಸಿರಾಟವೇ ಕಷ್ಟವಾಗಿತ್ತು.

ಸ್ವಾತಂತ್ರ್ಯಾನಂತರ ಸಾರ್ವಜನಿಕ ಉದ್ದಿಮೆಗಳು ಕ್ರೀಡೆಗೆ ಹೊಸ ಆಸರೆಯಾದವು. ಕೋಲಾರದ ಓಟಗಾರ ಕೆನೆತ್ ಪೊವೆಲ್ ಇದಕ್ಕೆ ನಿದರ್ಶನ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ನೌಕರರಾಗಿದ್ದ ಅವರು 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ಪ್ರತಿಭೆ ಅವರದೇ, ಆದರೆ ಅದನ್ನು ವರ್ಷಗಟ್ಟಲೆ ಉಳಿಸಿಕೊಳ್ಳಲು ತಿಂಗಳ ಸಂಬಳದ ಬೆಂಬಲವೂ ಬೇಕಿತ್ತು.

2001ರ ನಂತರ

2001ರ ಫೆಬ್ರುವರಿ 28ರಂದು ಸರ್ಕಾರಿ ಸ್ವಾಮ್ಯದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ (ಬಿಜಿಎಂಎಲ್) ಗಣಿಗಳು ಮುಚ್ಚಿದವು. ಈಗ ಸಾವಿರಾರು ಜನ ನಸುಕಿನಲ್ಲೇ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಹಿಂದೆ ಪಾಳಿ ನುಂಗಿದ ಬಿಡುವನ್ನು ಇಂದು ಪ್ರಯಾಣ ನುಂಗುತ್ತಿದೆ. ಮನೆಗೆಲಸವೂ ಹೆಗಲೇರುವ ಯುವತಿಯರಿಗೆ ಆಟದ ಹೊತ್ತೆಂಬುದೇ ಉಳಿಯುವುದಿಲ್ಲ.

ಗಣಿ ಮುಚ್ಚಿದ್ದರ ನಷ್ಟವನ್ನು ಕೆಲಸ ಕಳೆದುಕೊಂಡವರ ಲೆಕ್ಕದಲ್ಲಷ್ಟೇ ಅಳೆಯುವುದು ಸಾಲದು. ಆಟಕ್ಕೆ ಬೇಕಾದ ಸಾಮಾಜಿಕ ಆಧಾರವೂ ಅದರೊಂದಿಗೆ ಕುಸಿದಿದೆ. ಬಿಜಿಎಂಎಲ್ ಜಮೀನಿನ ಮುಂದಿನ ಬಳಕೆಯನ್ನು ತೀರ್ಮಾನಿಸುವವರು ಲೈನುಗಳ ಪಕ್ಕದ ಆಟದ ಬಯಲುಗಳನ್ನು ಮೊದಲು ಗುರುತಿಸಿ, ಸಾರ್ವಜನಿಕ ಮೈದಾನಗಳೆಂದು ದಾಖಲಿಸಬೇಕು. ಆ ನೆಲದ ಮೇಲೆ ಮೊದಲ ಹಕ್ಕು ಗಣಿ ಕಾರ್ಮಿಕರ ಮಕ್ಕಳದು.