ಸಿಗಡಿ ರವಾ ಫ್ರೈ ರಬ್ಬರ್‌ನಂತಾಗುತ್ತಿದೆಯೇ? ಅರ್ಧ ಗಂಟೆಯಲ್ಲಿ ಮನೆಯಲ್ಲೇ ಮಾಡಿ ಕರಾವಳಿ ರುಚಿಯ ಗರಿಗರಿ ತಿಂಡಿ

ಹೊರಗೆ ಗರಿಗರಿ, ಒಳಗೆ ಮೃದು, ನಾಲಿಗೆಗೆ ಹಿತವಾದ ಖಾರ. ಕರಾವಳಿ ಹೋಟೆಲ್‌ಗಳ ಸಿಗಡಿ ರವಾ ಫ್ರೈ ಎಂದರೆ ಬಾಯಲ್ಲಿ ನೀರೂರುತ್ತದೆ. ಆದರೆ ಮನೆಯಲ್ಲಿ ಮಾಡಿದಾಗ ಹಲವರಿಗೆ ಸಿಗುವುದು ಜಗಿದಷ್ಟೂ ಮುಗಿಯದ ರಬ್ಬರ್. ಹೆಚ್ಚಿನ ಸಲ ಇದಕ್ಕೆ ಕಾರಣ ಅತಿಯಾಗಿ ಬೇಯಿಸುವುದು. ಸಿಗಡಿ ಬೇಯಲು ಮೂರ್ನಾಲ್ಕು ನಿಮಿಷ ಸಾಕು. ಹೆಚ್ಚು ಹೊತ್ತು ಕಾವಲಿಯಲ್ಲಿಟ್ಟರೆ ಮಾಂಸ ಬಿಗಿದುಕೊಂಡು ನೀರು ಬಿಡುತ್ತದೆ. ಆಗ ರವೆಯೂ ಒದ್ದೆ, ಸಿಗಡಿಯೂ ಗಟ್ಟಿ.

ತುಳುವಿನಲ್ಲಿ ಎಟ್ಟಿ, ಕುಂದಾಪುರದ ಕಡೆ ಚಟ್ಲಿ ಎನ್ನುವ ಇದನ್ನು ಮುಂಬೈ, ಪುಣೆಯ ಮಾರುಕಟ್ಟೆಯಲ್ಲಿ ಕೋಳಂಬಿ ಎಂದು ಕೇಳಿ. ಚೆನ್ನೈನಲ್ಲಿ ಇರಾಲ್, ಹೈದರಾಬಾದ್‌ನಲ್ಲಿ ರೊಯ್ಯಲು, ದೆಹಲಿಯಲ್ಲಿ ಝೀಂಗಾ. ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಸಿಗುವುದು ಹೆಚ್ಚಾಗಿ ಕೆರೆಗಳಲ್ಲಿ ಸಾಕಿದ ಅಥವಾ ಫ್ರೋಜನ್ ಸಿಗಡಿ. ಈ ತಿಂಡಿಗೆ ಅದೂ ನಡೆಯುತ್ತದೆ. ಆದರೆ ಅಮೋನಿಯಾದಂಥ ಘಾಟು ಬಂದರೆ, ಮುಟ್ಟಿದಾಗ ಲೋಳೆಯಾಗಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಫ್ರೋಜನ್ ಆದರೆ ಹಿಂದಿನ ರಾತ್ರಿಯೇ ಫ್ರಿಡ್ಜ್‌ನ ಕೆಳಭಾಗದಲ್ಲಿಡಿ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಬೇಕಾಗುವ ಸಾಮಗ್ರಿಗಳು

ಸ್ವಚ್ಛಗೊಳಿಸಿದ ಮಧ್ಯಮ ಗಾತ್ರದ ಸಿಗಡಿ 250 ಗ್ರಾಂ (ತಲೆ, ಸಿಪ್ಪೆ ಸಮೇತವಾದರೆ ಸುಮಾರು ಅರ್ಧ ಕೆಜಿ ಬೇಕು), ಬ್ಯಾಡಗಿ ಮೆಣಸಿನ ಪುಡಿ ಒಂದೂವರೆ ಚಮಚ, ಅರಿಶಿನ ಕಾಲು ಚಮಚ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 1 ಚಮಚ, ಗಟ್ಟಿ ಹುಣಸೆ ರಸ 1 ಚಮಚ, ಸಣ್ಣ ರವೆ 4 ದೊಡ್ಡ ಚಮಚ, ಅಕ್ಕಿ ಹಿಟ್ಟು 1 ದೊಡ್ಡ ಚಮಚ, ಉಪ್ಪು, ಕರಿಬೇವು, ಕಾಯಿಸಲು ತೆಂಗಿನೆಣ್ಣೆ.

ಬ್ಯಾಡಗಿ ಮೆಣಸು ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ಅದು ಸಿಗದೆ ಗುಂಟೂರು ಮೆಣಸಿನ ಪುಡಿ ಬಳಸುವುದಾದರೆ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಮಕ್ಕಳು ತಟ್ಟೆ ಮುಟ್ಟುವುದಿಲ್ಲ!

ಮಾಡುವ ವಿಧಾನ

ಸಿಗಡಿಯ ಬೆನ್ನನ್ನು ಸೀಳಿ ಕಪ್ಪು ನಾಳ ತೆಗೆಯಿರಿ. ಅದು ಜೀರ್ಣನಾಳ, ಉಳಿದರೆ ಮರಳು ಮರಳಾಗಿ ಹಲ್ಲಿಗೆ ಸಿಗುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒತ್ತಿ ನೀರು ಪೂರ್ತಿ ಒರೆಸಿ. ಈ ಹಂತವನ್ನು ಬಿಟ್ಟರೆ ಮಸಾಲೆ ಅಂಟುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ. ರವೆ, ಅಕ್ಕಿ ಹಿಟ್ಟು, ಕರಿಬೇವು ಬಿಟ್ಟು ಉಳಿದ ಮಸಾಲೆಯನ್ನು ಹಚ್ಚಿ 15 ನಿಮಿಷ ಬಿಡಿ. ಹುಣಸೆ ಬದಲು ನಿಂಬೆರಸ ಹಾಕಿದರೂ ಇದಕ್ಕಿಂತ ಹೆಚ್ಚು ಹೊತ್ತು ಬೇಡ, ಹುಳಿಗೆ ಸಿಗಡಿಯ ಮೇಲ್ಪದರ ಒಲೆಗೆ ಹೋಗುವ ಮೊದಲೇ ಗಟ್ಟಿಯಾಗತೊಡಗುತ್ತದೆ.

ರವೆಗೆ ಅಕ್ಕಿ ಹಿಟ್ಟು, ಚಿಟಿಕೆ ಉಪ್ಪು ಬೆರೆಸಿ. ಕಾವಲಿ ಕಾದ ಮೇಲಷ್ಟೇ ಸಿಗಡಿಯನ್ನು ಅದರಲ್ಲಿ ಹೊರಳಿಸಿ. ಮೊದಲೇ ಹೊರಳಿಸಿಟ್ಟರೆ ರವೆ ನೀರು ಹೀರಿ ಮೆತ್ತಗಾಗುತ್ತದೆ. ಮಧ್ಯಮ ಉರಿಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ಒಂದು ಬದಿ ಒಂದೂವರೆಯಿಂದ ಎರಡು ನಿಮಿಷ, ಒಮ್ಮೆ ಮಾತ್ರ ಮಗುಚಿ. ಮುಚ್ಚಳ ಹಾಕಬೇಡಿ. ಸಿಗಡಿ ಅರ್ಧಚಂದ್ರದಂತೆ ಬಾಗಿ, ಒಳಗಿನ ಮಾಂಸ ಪಾರದರ್ಶಕತೆ ಕಳೆದುಕೊಂಡು ಬಿಳಿಯಾದರೆ ಬೆಂದಿದೆ ಎಂದರ್ಥ. ಉಂಗುರದಂತೆ ಪೂರ್ತಿ ಸುರುಳಿಯಾದರೆ ಬೆಂದದ್ದು ಹೆಚ್ಚಾಯಿತು. ಕೊನೆಗೆ ಅದೇ ಎಣ್ಣೆಯಲ್ಲಿ ಕರಿಬೇವು ಹುರಿದು ಮೇಲೆ ಹಾಕಿ, ಈರುಳ್ಳಿ, ನಿಂಬೆಯೊಂದಿಗೆ ಬಿಸಿಬಿಸಿಯಾಗಿ ಬಡಿಸಿ.

ಗಮನಿಸಿ: ಸಿಗಡಿ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಮಗುವಿಗೆ ಮೊದಲ ಬಾರಿ ಕೊಡುವುದಾದರೆ ಸಣ್ಣ ತುಂಡು ಕೊಟ್ಟು ನೋಡಿ. ತುಟಿ ಊದುವುದು, ಮೈ ತುರಿಕೆ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಗೆ ಬರುವ ಅತಿಥಿಗಳನ್ನೂ ಮೊದಲೇ ಕೇಳಿಕೊಳ್ಳಿ. ಅಲರ್ಜಿ ಇರುವವರಿಗೆ ಅದೇ ಎಣ್ಣೆಯಲ್ಲಿ ಬೇರೇನನ್ನೂ ಕಾಯಿಸಿ ಕೊಡಬಾರದು.